ಗತಿಯೆನ್ ಪಾಸ್ಕಿಯೆಯ ಮೂಗು

ಎದ್ವಿಜ್ ಪಾಸ್ಕಿಯೆಗೆ ಆ ದಿನ ಬೆಳಿಗ್ಗೆ ಎಂಟೂಕಾಲಕ್ಕೇ ಹೊಟ್ಟೆಗೆ ಬೆಂಕಿ ಬಿತ್ತು. ಹಚ್ಚಿದವನು ಮುದ್ರಣದಂಗಡಿಯ ಲಬಾತ್. ಪಾಪ, ಅವನಿಗೇನೂ ಗೊತ್ತಿರಲಿಲ್ಲ. ತೂರ್ ಪಟ್ಟಣದ ರೈಲು ನಿಲ್ದಾಣದ ಎದುರು ಅವಳು ತನ್ನ ಎಂಟು ಸೀಟಿನ ವ್ಯಾನು ನಿಲ್ಲಿಸಿಕೊಂಡು ಆ ದಿನದ ಪ್ರವಾಸಿಗಳಿಗಾಗಿ ಕಾಯುತ್ತಿದ್ದಳು. ಲಬಾತ್ ಅಂಗಡಿಯ ಬಾಗಿಲು ತೆಗೆದವನೇ ಒಂದು ರಟ್ಟಿನ ಡಬ್ಬಿ ಎತ್ತಿಕೊಂಡು ರಸ್ತೆ ದಾಟಿ ಬಂದ.

"ಹೆಂಗೂ ಸಂಜೆ ನಿಮ್ಮಪ್ಪನ ವೈನ್ ಗವಿಗೆ ಹೋಗ್ತೀಯಲ್ಲ, ಇದನ್ನ ಕೊಟ್ಬಿಡಮ್ಮ. ಹೊಸ ಚೀಟಿಗಳು. ಶಾಯಿ ರಾತ್ರಿ ಒಣಗಿದ್ದು. ಒಳ್ಳೇದಾಗ್ಲಿ ನಿಮ್ಮನೆಯವರಿಗೆಲ್ಲ!"

ಡಬ್ಬಿಯ ಮುಚ್ಚಳದ ಮೇಲೆ ಮಾದರಿಗೆಂದು ಒಂದನ್ನು ಅಂಟಿಸಿದ್ದ. ವೈನ್ ಶೀಷೆಗೆ ಹಚ್ಚುವ ಚೀಟಿ. ಚಿನ್ನದ ಅಂಚು, ನಡುವೆ ದಪ್ಪ ಅಕ್ಷರ: "ಪಾಸ್ಕಿಯೆ, ತಾತ ಮತ್ತು ಮೊಮ್ಮಗ."

ಆ ಸೀಮೆಯಲ್ಲಿ ಉಯಿಲು ಓದುವುದಕ್ಕೆ ವಕೀಲ ಬೇಕಿಲ್ಲ, ಶೀಷೆ ತಿರುಗಿಸಿ ನೋಡಿದರೆ ಸಾಕು. ಯಾರ ಹೆಸರು ಚೀಟಿಯ ಮೇಲೋ ಅವರದ್ದು ದ್ರಾಕ್ಷಿ ಬಳ್ಳಿ, ಅವರದ್ದು ಗವಿ, ಅವರದ್ದು ಊರಿನಲ್ಲಿ ಮಾತು. ಮೊಮ್ಮಗನೆಂದರೆ ತಿಬೋ, ಎದ್ವಿಜಳ ತಮ್ಮನ ಮಗ, ಇಪ್ಪತ್ತೇಳು ವರ್ಷದವನು. ಲಿಯೋನಿನಲ್ಲಿ ವ್ಯಾಪಾರಶಾಸ್ತ್ರ ಓದಿ ಎರಡು ವರ್ಷದ ಹಿಂದೆ ತಾತನ ಹತ್ತಿರ ಬಂದು ಸೇರಿಕೊಂಡಿದ್ದ. ಹುಡುಗ ಕೆಟ್ಟವನಲ್ಲ, ಬಳ್ಳಿಗೂ ಬೇಲಿಗೂ ವ್ಯತ್ಯಾಸ ತಿಳಿಯಲು ಒಂದು ವರ್ಷ ತೆಗೆದುಕೊಂಡ, ಅಷ್ಟೆ.

"ಸರಿ, ಕೊಡ್ತೀನಿ," ಎಂದು ಎದ್ವಿಜ್ ಡಬ್ಬಿಯನ್ನು ತನ್ನ ಸೀಟಿನ ಕೆಳಗೆ ತಳ್ಳಿದಳು. ತಳ್ಳಿದ್ದು ಕಾಲಿನಿಂದ.

ಅವಳ ಸಿಟ್ಟು ತಿಳಿಯಬೇಕಾದರೆ ಅವಳಪ್ಪನ ಮೂಗಿನ ಸಂಗತಿ ತಿಳಿದಿರಬೇಕು. ಗತಿಯೆನ್ ಪಾಸ್ಕಿಯೆಗೆ ಎಂಬತ್ತೊಂದು. ವೂವ್ರೆ ಸುತ್ತಿನ ಹತ್ತು ಹಳ್ಳಿಗಳಲ್ಲಿ ಅವನ ಮೂಗಿಗೆ ಸಾಟಿಯಿಲ್ಲ ಎಂದು ಹೆಸರು. ಯಾರ ಮನೆಯ ಪೀಪಾಯಿ ಹುಳಿಯುತ್ತಿದೆಯೆಂದು ಗೋಡೆಯಾಚೆ ನಿಂತು ಹೇಳುತ್ತಿದ್ದ. ಹೇಳಿ, ಪಕ್ಕದ ಮನೆಯವನ ಮುಖ ಹುಳಿಯುವುದನ್ನೂ ನಿಂತು ನೋಡುತ್ತಿದ್ದ. ಇದೆಲ್ಲ ಒಂದೂವರೆ ವರ್ಷದ ಹಿಂದಿನವರೆಗೆ ಮಾತ್ರ ನಿಜ. ಆ ಚಳಿಗಾಲ ಮುದುಕ ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದ. ಆಮೇಲೊಂದು ಭಾನುವಾರ ಎದ್ವಿಜ್ ಅಡುಗೆಮನೆಗೆ ಬಂದರೆ, ಒಲೆಯ ಮೇಲೆ ಹಾಲು ಸೀದು ಕರಕಲಾಗಿ ಮನೆಯೆಲ್ಲ ನಾರುತ್ತಿದೆ. ಮೂರಡಿ ದೂರದಲ್ಲಿ ಬೆನ್ನು ಹಾಕಿ ಕೂತ ಅಪ್ಪ ನೆಮ್ಮದಿಯಾಗಿ ಪತ್ರಿಕೆ ಓದುತ್ತಿದ್ದಾನೆ. ಅವಳು ಒಲೆ ಆರಿಸಿದಳು. ಅವನು ತಿರುಗಿದ, ಪಾತ್ರೆ ನೋಡಿದ, ಮಗಳ ಮುಖ ನೋಡಿದ.

ಆ ಕಡೆಯ ಬೆಳೆಗಾರರದ್ದು ಒಂದು ಕಟ್ಟಳೆ. ಶೀಷೆ ತೆಗೆದಾಗ ಮೊದಲ ಗುಟುಕು ಮನೆಯವರ ಲೋಟಕ್ಕೆ. ಮೂಸಿ ನೋಡಿ, ಸರಿಯಿದೆ ಎಂದ ಮೇಲೆಯೇ ಅತಿಥಿಗೆ. ಒಮ್ಮೊಮ್ಮೆ ಬಿರಡೆ ಕೆಟ್ಟು ಒಳಗಿನ ವೈನಿಗೆ ನೆನೆದ ರಟ್ಟಿನ ನಾತ ಹಿಡಿದಿರುತ್ತದೆ. ಅಂಥದ್ದು ಅತಿಥಿಯ ಲೋಟಕ್ಕೆ ಬಿತ್ತೆಂದರೆ ಮನೆಯ ಮಾನ ಬಿದ್ದಂತೆ. ಹೆಂಡತಿಗೆ ಹೊಡೆದವನನ್ನೂ ಆ ಊರು ಕ್ಷಮಿಸೀತು, ಕೆಟ್ಟದ್ದೆಂದು ಗೊತ್ತಿದ್ದೂ ಬಗ್ಗಿಸಿದವನನ್ನು ಕ್ಷಮಿಸುವುದಿಲ್ಲ.

ಹಾಗಾಗಿ ಹಾಲು ಸೀದ ವಾರದಿಂದಲೇ ಅಪ್ಪ ಮಗಳ ನಡುವೆ ಮಾತಿಲ್ಲದ ಒಂದು ಒಪ್ಪಂದ ಶುರುವಾಯಿತು. ಪ್ರವಾಸಿಗಳಿಗೆ ಲೋಟ ಹಿಡಿಯುವ ಬಗೆ ತೋರಿಸುವ ನೆಪದಲ್ಲಿ ಮೊದಲ ಲೋಟವನ್ನು ಎದ್ವಿಜ್ ಎತ್ತಿಕೊಳ್ಳುವಳು, ಮೂಸುವಳು. ಚೆನ್ನಾಗಿದ್ದರೆ, "ಅಪ್ಪ, ನೀನೇ ಹೇಳಪ್ಪ," ಎಂದು ಅವನ ಕೈಗೆ ಕೊಡುವಳು. ಕೆಟ್ಟಿದ್ದರೆ, "ಇದಿನ್ನೂ ತಣ್ಣಗಾಗಿಲ್ಲ," ಎನ್ನುವಳು. ಅವನು ಬೇರೆ ಶೀಷೆ ತೆಗೆಯುವನು. ಕಳೆದ ವಸಂತದಲ್ಲಿ ಒಳ್ಳೆಯ ಪೀಪಾಯಿಗಳನ್ನು ಆರಿಸಿ ಬೆರೆಸುವ ಹೊತ್ತು ಬಂದಾಗ ಮುದುಕ ತಿಬೋನನ್ನು ಏನೋ ಕೆಲಸ ಹೇಳಿ ಊರಿಗೆ ಅಟ್ಟಿ, "ಲೋಟ ತೊಳೆಯೋದಿದೆ ಬಾ," ಎಂದು ಮಗಳನ್ನು ಕರೆಸಿದ. ಮೂವತ್ತೊಂದು ಪೀಪಾಯಿ. ಅವಳು ಮೂಸುತ್ತ ಹೇಳುತ್ತ ಹೋದಳು, ಅವನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದ. ಮೂಗು ಹೋಗಿದೆ ಎಂದು ಅವನು ಹೇಳಲಿಲ್ಲ, ಗೊತ್ತಾಗಿದೆ ಎಂದು ಇವಳು ಹೇಳಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಇದೇ ಗವಿಗೆ ಹಿಂದೆ ಹದಿಮೂರು ವರ್ಷ ಅವಳನ್ನು ಬಿಟ್ಟುಕೊಂಡಿರಲಿಲ್ಲ. ಹದಿನಾಲ್ಕರ ಹುಡುಗಿಯಾಗಿದ್ದಾಗ ಒಳಗೆ ಹೋಗಿ, "ಅಪ್ಪ, ಏಳನೇ ಪೀಪಾಯಿ ಕೆಡ್ತಾ ಇದೆ," ಎಂದಿದ್ದಳು. ಒಂದೇ ವಾರದಲ್ಲಿ ಅದು ಕೆಟ್ಟಿತು. ಮುಟ್ಟಾದ ಹೆಣ್ಣು ಕಾಲಿಟ್ಟರೆ ವೈನು ಕೆಡುತ್ತದೆಂದು ಆಗಿನವರ ನಂಬಿಕೆ. ಕೊಯ್ಲಿಗೆ ಬಂದಿದ್ದ ಆಳುಗಳೆಲ್ಲರ ಎದುರು ಗತಿಯೆನ್, "ಅವತ್ತು ನಿಂದು ಯಾವ ದಿನವಾಗಿತ್ತೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೆನ್ನೆಗೆ ಬಿಟ್ಟಿದ್ದ. ಆಳುಗಳು ನಕ್ಕಿದ್ದರು. ದೊಡ್ಡವಳಾಗಿ ಅವಳು ಪ್ರವಾಸಿಗಳನ್ನು ಕರೆತರತೊಡಗಿದ ಮೇಲೆ, ಗಿರಾಕಿಯ ಜೊತೆ ಬರುವ ಹೆಣ್ಣಿಗೆ ಮೈಲಿಗೆಯಿಲ್ಲ ಎಂದು ಅವನ ಶಾಸ್ತ್ರ ತಿದ್ದುಪಡಿಯಾಯಿತು.

ಇಷ್ಟಾದರೂ ಈ ಒಂದೂವರೆ ವರ್ಷದಲ್ಲಿ ಎದ್ವಿಜಳಿಗೆ ಆಸೆ ಹುಟ್ಟಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಕೇಳದೆಯೇ ಕೊಡುತ್ತಾನೆ ಎಂದುಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಹೆಸರು. ಐವತ್ಮೂರನೇ ವಯಸ್ಸಿನಲ್ಲಾದರೂ ಆ ಚೀಟಿಯ ಮೇಲೆ ತನ್ನ ಹೆಸರು.

ಪ್ರವಾಸಿಗಳು ಬಂದರು. ಲಿಲ್ ಊರಿನ ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಬೆಲ್ಜಿಯಮ್ಮಿನ ಲಿಯೇಜಿನಿಂದ ಒಂದೇ ಥರದ ಟೋಪಿ ಹಾಕಿಕೊಂಡ ವಯಸ್ಸಾದ ಅಕ್ಕತಂಗಿಯರು. ಕೊನೆಗೆ ಹಲ್ಲಾರ್ಟ್ ಎಂಬ ಮಿತಭಾಷಿ, ಅದೇ ದೇಶದ ಗೆಂಟ್ ಪಟ್ಟಣದ ವೈನ್ ವ್ಯಾಪಾರಿ. ಅವನ ಬಗ್ಗೆ ಗತಿಯೆನ್ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ: "ನಲವತ್ತು ಹೋಟೆಲಿಗೆ ವೈನ್ ಹಾಕೋ ಮನುಷ್ಯ ಕಣೇ. ಮನಸ್ಸಿಗೆ ಬಂದ್ರೆ ಮುನ್ನೂರು ಪೆಟ್ಟಿಗೆ ತಗೋತಾನೆ, ವರ್ಷಾ ವರ್ಷಾ. ಕೋಟೆ ಗೀಟೆ ತೋರಿಸಿ, ಹೊಟ್ಟೆ ತುಂಬಿಸಿ, ಖುಷಿಯಾಗಿ ಕರ್ಕೊಂಡ್ಬಾ."

ಮೊದಲು ಮೊಂಗಾರ್ನಿ ಕೋಟೆ. ಬಿಳಿ ಕಲ್ಲು, ಕಪ್ಪು ಚಾವಣಿ, ಸುತ್ತ ಕಂದಕದಲ್ಲಿ ಬಾತುಕೋಳಿ. ಇಪ್ಪತ್ತಾರು ವರ್ಷದಿಂದ ಎದ್ವಿಜ್ ಅದನ್ನು ತೋರಿಸುತ್ತಿದ್ದಾಳೆ, ಒಂದು ದಿನವೂ ಸುಳ್ಳು ಹೇಳಿದವಳಲ್ಲ. ಉತ್ತರದ ಗೋಪುರದ ಕೆಳಗೆ ಬಾವಿಯಂಥ ಒಂದು ಕುಳಿಯಿದೆ. ಕೈದಿಗಳನ್ನು ತಳ್ಳಿ ಮರೆತುಬಿಡುವ ಜಾಗ ಎಂದು ಉಳಿದ ಮಾರ್ಗದರ್ಶಿಗಳು ಹೆದರಿಸುತ್ತಾರೆ. ಎದ್ವಿಜ್ ಮಾತ್ರ, "ಇದು ಮಂಜುಗಡ್ಡೆ ಇಡೋ ಕುಳಿ," ಎಂದು ನಿಜ ಹೇಳಿ ಎಲ್ಲರನ್ನೂ ನಿರಾಶೆಗೊಳಿಸುತ್ತಿದ್ದಳು. ಆ ದಿನ ಅಕ್ಕತಂಗಿಯರು ಕಂಬಿ ಹಿಡಿದು ಬಗ್ಗಿ, "ಇಲ್ಲಿ ಯಾರನ್ನ ಹಾಕಿದ್ರಮ್ಮ?" ಎಂದು ಕೇಳಿದರು.

"ಮಗಳನ್ನ," ಎಂದಳು ಎದ್ವಿಜ್.

"ಅಯ್ಯೋ! ಯಾರ ಮಗಳನ್ನ?"

"ಈ ಮನೆ ಯಜಮಾನನ ಮಗಳನ್ನೇ. ಹಾಕಿದ್ದೂ ಅವನೇ. ಹನ್ನೊಂದು ದಿನ ಕೂಗಿದಳಂತೆ. ಮೇಲೆ ಊಟದ ಮನೇಲಿ ಸಂಗೀತದವರನ್ನ ಕೂರಿಸಿದ್ನಂತೆ, ಅದು ಕೇಳಿಸಬಾರದು ಅಂತ."

ಮೇಷ್ಟ್ರ ಹೆಂಡತಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ಕಂಡು ಎದ್ವಿಜಳಿಗೇ ಆಶ್ಚರ್ಯವಾಯಿತು. ಸಂತೋಷವೂ ಆಯಿತು, ಸುಳ್ಳೇಕೆ.

ಮಧ್ಯಾಹ್ನ ಕೋಟೆಯ ತೋಟದಲ್ಲಿ, ಮಟ್ಟಸವಾಗಿ ಕತ್ತರಿಸಿದ ಪೊದೆಗಳ ನಡುವೆ ಊಟ. ಬ್ರೆಡ್ಡು, ಕೊಬ್ಬಿನಲ್ಲಿ ಬೇಯಿಸಿದ ಹಂದಿಮಾಂಸದ ಎಳೆ, ನಡುವೆ ಹುಲ್ಲುಕಡ್ಡಿ ಚುಚ್ಚಿದ ಮೇಕೆ ಹಾಲಿನ ಚೀಸು. ಅಕ್ಕತಂಗಿಯರು ಗುಲಾಬಿಗಳ ಪಟ ತೆಗೆಯಲು ಹೋದಾಗ ಹಲ್ಲಾರ್ಟ್ ಮೊದಲ ಬಾರಿಗೆ ಬಾಯಿ ತೆರೆದ.

"ನಿಮ್ಮ ತಂದೆಯವರ ಈ ವರ್ಷದ ಬೆರಕೆ ಕುಡಿದೆ ಮದಾಂ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಅಂಥದ್ದು ಕಂಡಿರ್ಲಿಲ್ಲ. ಎಂಬತ್ತೊಂದರಲ್ಲಿ ಇಂಥ ಮೂಗು! ಯಾವ ಪೀಪಾಯಿ ಸೇರಿಸ್ಬೇಕು ಅನ್ನೋದಕ್ಕಿಂತ ಯಾವುದನ್ನ ಬಿಡಬೇಕು ಅಂತ ಗೊತ್ತಿದೆಯಲ್ಲ ಅವರಿಗೆ, ಅದು ದೊಡ್ಡದು. ನಾನು ಬಂದಿರೋದು ವೈನಿಗಲ್ಲ, ಆ ಮನುಷ್ಯನ್ನ ನೋಡೋಕೆ."

"ಹೌದು, ಅಪ್ಪಂದು ದೊಡ್ಡ ಮೂಗು," ಎಂದಳು ಎದ್ವಿಜ್. ಒಂಬತ್ತು ಪೀಪಾಯಿಗಳನ್ನು ಬಿಟ್ಟದ್ದು ಅವಳು. ಒಂದೊಂದರ ನಂಬರೂ ನೆನಪಿತ್ತು. ದುಡಿಯುವವರು ಯಾರೋ, ಉಣ್ಣುವವರು ಯಾರೋ ಎಂದುಕೊಂಡು ಚೀಸಿನ ತುಂಡನ್ನು ಹಾಗೇ ತಟ್ಟೆಯಲ್ಲಿ ಬಿಟ್ಟಳು.

ಸಂಜೆ ಐದಕ್ಕೆ ಗವಿ ತಲುಪಿದರು. ಬೆಟ್ಟದ ಬಿಳಿ ಕಲ್ಲನ್ನು ಕೊರೆದು ಮಾಡಿದ ತಣ್ಣನೆಯ ಗವಿ, ಎರಡೂ ಬದಿ ಪೀಪಾಯಿ, ನಡುವೆ ಉದ್ದನೆಯ ಮೇಜು. ಗತಿಯೆನ್ ಮದುವೆ ಮನೆಯವನಂತೆ ಕೋಟು ಹಾಕಿ, ಗಡ್ಡ ಬೋಳಿಸಿಕೊಂಡು ನಿಂತಿದ್ದ. ಎದ್ವಿಜ್ ಡಬ್ಬಿಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. ತಿಬೋ ಬಿಚ್ಚಿ ನೋಡಿದವನೇ ಕೆಂಪೇರಿದ.

"ಚೆನ್ನಾಗ್ ಬಂದಿದೆ ಅಲ್ವಾ ಅತ್ತೆ? ಚಿನ್ನದಂಚು ನನ್ನ ಐಡಿಯಾ."

ಅತಿಥಿಗಳು ಪೀಪಾಯಿ ನೋಡುತ್ತಿದ್ದಾಗ ಗತಿಯೆನ್ ಮಗಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಮುಖ ಯಾಕೆ ಊದಿಸ್ಕೊಂಡಿದ್ದೀಯಾ? ಹುಡುಗನಿಗೊಂದು ಹಿಡಿತ ಬೇಕಲ್ಲ, ಇಲ್ದಿದ್ರೆ ಮತ್ತೆ ಲಿಯೋನಿಗೆ ಓಡಿಹೋಗ್ತಾನೆ."

"ನಾನು?"

"ನಿನಗ್ಯಾಕೆ ಹೆಸರು? ನೀನೆಲ್ಲಿಗೆ ಹೋಗ್ತೀಯಾ, ಹೆಂಗೂ ಇಲ್ಲೇ ಇರ್ತೀಯಲ್ಲ." ಅಷ್ಟು ಹೇಳಿ ಅವಳ ಭುಜ ತಟ್ಟಿದ, ಗಾಡಿ ಎಳೆದು ಬಂದ ಎತ್ತಿಗೆ ತಟ್ಟಿದ ಹಾಗೆ. "ಬಾ, ಇವನಿಗೆ ಹಳೇದು ತೆಗೀತೀನಿ."

ಗೋಡೆಯ ಗೂಡಿನಿಂದ ಅವನು ಆರಿಸಿದ ಶೀಷೆ ಮೂವತ್ತು ವರ್ಷಕ್ಕೂ ಹಳೆಯದು, ಮೇಲೆಲ್ಲ ಕಪ್ಪು ಬೂಷ್ಟು. ಅವನು ಬಿರಡೆ ಎಳೆದ. ಮೇಜಿನಾಚೆಯ ಮೂಲೆಯಲ್ಲಿ, ಎರಡು ಮಾರು ದೂರ ನಿಂತಿದ್ದ ಎದ್ವಿಜಳ ಮೂಗಿಗೆ ಆಗಲೇ ಬಡಿಯಿತು. ಮಳೆಯಲ್ಲಿ ನೆನೆದ ರಟ್ಟು, ಒದ್ದೆ ನೆಲವೊರಸು, ಇಲಿಯ ಗೂಡು. ಸತ್ತ ಶೀಷೆ. ಮುದುಕ ನಗುನಗುತ್ತಾ ಒಂದು ಗುಟುಕು ಬಗ್ಗಿಸಿ, ಅವಳನ್ನು ಹತ್ತಿರ ಕರೆದು ಲೋಟ ಚಾಚಿದ.

"ನನ್ನ ಮಗಳು ಮೊದಲು ಲೋಟ ಹಿಡಿಯೋದು ತೋರಿಸ್ತಾಳೆ. ಅವಳಿಗೆ ಬರೋದು ಅದೊಂದೇ," ಎಂದ. ಎಲ್ಲರೂ ನಕ್ಕರು. ತಿಬೋ ಸ್ವಲ್ಪ ಜಾಸ್ತಿಯೇ ನಕ್ಕ.

ಇದಿನ್ನೂ ತಣ್ಣಗಾಗಿಲ್ಲ ಎನ್ನುವುದು ಎರಡು ಪದದ ಕೆಲಸ. ಅವಳು ಲೋಟವನ್ನು ಬುಡದಲ್ಲಿ ಹಿಡಿದು, ತಿರುಗಿಸಿ, ಮೂಸಿದಳು. ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ, ಮಗು ತಾಯಿಯ ಬಾಯಿ ನೋಡುವ ಹಾಗೆ.

"ಅಪ್ಪ, ನೀನೇ ಹೇಳಪ್ಪ," ಎಂದಳು.

ಮುದುಕ ಲೋಟವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಇಪ್ಪತ್ತು ಸಾವಿರ ಸಲ ಮಾಡಿದ ಅಭಿನಯ, ಒಂದೆಳೆ ತಪ್ಪಲಿಲ್ಲ. "ಆಹಾ," ಎಂದ. "ಮೊದಲು ಜೇನುಮೇಣ. ಅದರ ಹಿಂದೆ ಹಣ್ಣಾದ ಸೇಬು, ನಮ್ಮಜ್ಜಿ ಬೀರುವಿನಲ್ಲಿ ಬಟ್ಟೆ ನಡುವೆ ಇಡ್ತಿದ್ಲಲ್ಲ ಆ ಥರದ್ದು. ಕೊನೇಲಿ ಬಿಸಿಲಿಗೆ ಕಾದ ಸುಣ್ಣದ ಕಲ್ಲು. ಬಗ್ಗಿಸು ತಿಬೋ, ಎಲ್ಲರಿಗೂ ಬಗ್ಗಿಸು!"

ಎಲ್ಲರೂ ಕುಡಿದರು. "ಹೌದೌದು, ಜೇನುಮೇಣ," ಎಂದರು ಮೇಷ್ಟ್ರು ಕೋಲೆಬಸವನಂತೆ ತಲೆಯಾಡಿಸುತ್ತಾ. ಹೆಂಡತಿ ಸೇಬಿನ ಪರ ನಿಂತರು. ಅಕ್ಕತಂಗಿಯರಲ್ಲಿ ಒಬ್ಬಳಿಗೆ ಮುಖ ಕಿವುಚುವಂತಾದರೂ ಇನ್ನೊಬ್ಬಳು ಮೊಣಕೈಯಿಂದ ತಿವಿದಳು. ಹಲ್ಲಾರ್ಟ್ ಮಾತ್ರ ಕುಡಿಯಲಿಲ್ಲ. ಮೂಸಿದ, ಲೋಟ ಇಳಿಸಿದ, ಬಹಳ ಮರ್ಯಾದೆಯಿಂದ ಕೇಳಿದ.

"ಮೊಸ್ಯೊ ಪಾಸ್ಕಿಯೆ, ಇನ್ನೊಂದು ಸಲ ಮೂಸಿ ನೋಡ್ತೀರಾ?"

ಗತಿಯೆನ್ ಮೂಸಿದ. ಮಗಳ ಕಡೆ ತಿರುಗಿದ. ಆ ನೋಟದಲ್ಲಿದ್ದ ಭಯವನ್ನು ಎದ್ವಿಜ್ ಚೆನ್ನಾಗಿ ಕಂಡಳು. ಈಗಲೂ ಕಾಲ ಮಿಂಚಿರಲಿಲ್ಲ.

"ಚೆನ್ನಾಗೇ ಇದೆಯಲ್ಲ ಅಪ್ಪ," ಎಂದಳು.

"ಚೆನ್ನಾಗೇ ಇದೆ!" ಎಂದ ಮುದುಕ ಗಟ್ಟಿಯಾಗಿ. ಧೈರ್ಯ ಬಂದಿತ್ತು ಪಾಪ. "ಉತ್ತರದ ಕಡೆಯವರ ಮೂಗಿಗೆ ಹಳೇ ವೈನಿನ ಅಭ್ಯಾಸ ಇರಲ್ಲ ಮೊಸ್ಯೊ. ಬಿಯರ್ ಕುಡಿಯೋ ದೇಶ ನಿಮ್ಮದು."

ಹಲ್ಲಾರ್ಟ್ ತನ್ನ ಲೋಟವನ್ನು ತಿಬೋಗೆ ಕೊಟ್ಟ. ತಿಬೋ ಮೂಸಿದ. ಮುಖ ಸುಣ್ಣವಾಯಿತು. "ತಾತ," ಎಂದ, "ಇದು ಕೆಟ್ಟಿದೆ. ಪೂರ್ತಿ ಕೆಟ್ಟಿದೆ. ನನಗೇ ಗೊತ್ತಾಗ್ತಿದೆ."

ಮೇಷ್ಟ್ರು ತಮ್ಮ ಲೋಟವನ್ನು ಮೆಲ್ಲಗೆ ಮೇಜಿನ ಅಂಚಿಗೆ ಸರಿಸಿದರು. ಗತಿಯೆನ್ ನಿಂತೇ ಇದ್ದ. ಎಂಬತ್ತೊಂದು ವರ್ಷದ ಮೈ ಕೋಟಿನೊಳಗೆ ಕುಗ್ಗಿತು. ಅವನು ಮಗಳನ್ನು ನೋಡಿದ, ಬಹಳ ಹೊತ್ತು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಆ ಗಳಿಗೆಗಾಗಿ, ಕೆನ್ನೆಗೆ ಏಟು ಬಿದ್ದಂದಿನಿಂದ, ಮೂವತ್ತೊಂಬತ್ತು ವರ್ಷ ಕಾದಿದ್ದಳೆಂದು ಅವಳಿಗೆ ಆಗಲೇ ಗೊತ್ತಾದದ್ದು. ಸಂಕಟವೇನೂ ಆಗಲಿಲ್ಲ, ಎದೆ ಹಗುರವಾಯಿತು.

ಆದರೆ ಮುದುಕ ಅವಳ ಅಪ್ಪ, ಸುಮ್ಮನೆ ಬೀಳುವ ಜಾತಿಯವನಲ್ಲ.

"ಮೊಸ್ಯೊ ಹಲ್ಲಾರ್ಟ್," ಎಂದ. "ನನ್ನ ಮೂಗು ಹೋಗಿ ಒಂದೂವರೆ ವರ್ಷ ಆಯ್ತು. ಗುಲಾಬಿಗೂ ಸಗಣಿಗೂ ನನಗೆ ಭೇದ ಇಲ್ಲ. ನೀವು ಮೆಚ್ಚಿದ ಬೆರಕೆ ಇದೆಯಲ್ಲ, ಅದನ್ನ ಮಾಡಿದ್ದು ಇವಳು. ಮೂವತ್ತೊಂದು ಪೀಪಾಯಿನೂ ಇವಳೇ ಮೂಸಿದ್ದು. ನೀವು ನೋಡ್ಬೇಕು ಅಂತ ಬಂದ ಮೂಗು ನಿಮ್ಮ ಮುಂದೇನೇ ನಿಂತಿದೆ, ನೋಡ್ಕೊಳ್ಳಿ."

ಹಲ್ಲಾರ್ಟ್ ತಲೆಯಿಂದ ಟೋಪಿ ತೆಗೆದು ಎದ್ವಿಜಳ ಕಡೆ ತಿರುಗಿದ. ಎಲ್ಲರ ಕಣ್ಣೂ ಅವಳ ಮೇಲೆ. ಇಷ್ಟೇ ಅಲ್ಲವೇ ಅವಳಿಗೆ ಬೇಕಾಗಿದ್ದದ್ದು? ಆ ಗವಿಯಲ್ಲಿ, ನಾಲ್ಕು ಜನರೆದುರು, ಅಪ್ಪನ ಬಾಯಿಂದ. ಕೇಳಿ ಕೇಳಿ ಅವಳ ಕಿವಿ ಬಿಸಿಯಾಯಿತು.

"ಮದಾಂ," ಎಂದ ಹಲ್ಲಾರ್ಟ್, "ಹಾಗಾದ್ರೆ ಒಂದೇ ಒಂದು ಕೇಳ್ತೀನಿ. ಮೊದಲು ಮೂಸಿದೋರು ನೀವು. ನಿಮಗೆ ಗೊತ್ತಾಯ್ತಾ, ಇಲ್ವಾ?"

"ಅತ್ತೆಗೆ ನೆಗಡಿ ಇರ್ಬೇಕು," ಎಂದ ತಿಬೋ ಗಾಬರಿಯಿಂದ. "ಅಲ್ವಾ ಅತ್ತೆ? ಬೆಳಿಗ್ಗೆಯಿಂದ ನೆಗಡಿ ಅಲ್ವಾ ನಿಮಗೆ?"

ಹುಡುಗ ಪೆದ್ದನಲ್ಲ, ಎಲ್ಲರೂ ಹಿಡಿದುಕೊಳ್ಳಬಹುದಾದ ಹಗ್ಗವನ್ನೇ ಎಸೆದಿದ್ದ. ನೆಗಡಿ ಎಂದರೆ ಮುಗಿಯಿತು. ಅಪ್ಪನ ಮಾನ ಅರ್ಧ ಉಳಿಯುತ್ತದೆ, ಮುನ್ನೂರು ಪೆಟ್ಟಿಗೆಯೂ ಉಳಿದೀತು, ಇನ್ನೊಂದು ಶೀಷೆ ತೆಗೆದು ಎಲ್ಲರೂ ನಗಬಹುದು. ಆದರೆ ಗೊತ್ತಾಗಲಿಲ್ಲ ಎಂದರೆ, ಇಷ್ಟು ಹತ್ತಿರ ಹಿಡಿದ ಹೆಣವನ್ನು ಗುರುತಿಸದ ಮೂಗು ಎಂಥ ಮೂಗು? ಅಪ್ಪ ಈಗಷ್ಟೇ ಹೇಳಿದ್ದು ಮುದುಕನ ಮರುಳು ಮಾತಾಗುತ್ತದೆ. ಗೊತ್ತಾಯಿತು ಎಂದರೆ, ಗೊತ್ತಿದ್ದೂ ಅತಿಥಿಗೆ ಕೆಟ್ಟದ್ದು ಕುಡಿಸಿದವಳು. ಅತ್ತ ದರಿ, ಇತ್ತ ಪುಲಿ. ಇಂಥಲ್ಲಿ ಬುದ್ಧಿವಂತರು ನೆಗಡಿ ಎನ್ನುತ್ತಾರೆ.

"ನೆಗಡಿ ಏನಿಲ್ಲ," ಎಂದಳು ಎದ್ವಿಜ್. "ಬಿರಡೆ ಎಳೆದಾಗಲೇ ಗೊತ್ತಾಯ್ತು. ಅಲ್ಲಿ, ಆ ಮೂಲೇಲಿ ನಿಂತಿದ್ದಾಗ. ಲೋಟಕ್ಕೆ ಬಗ್ಗಿಸೋ ಮುಂಚೆನೇ."

ಹಲ್ಲಾರ್ಟ್ ತನ್ನ ಲೋಟದಲ್ಲಿದ್ದುದನ್ನು ನೆಲದ ಮೇಲಿನ ಮರಳಿಗೆ ಸುರಿದ. ಟೋಪಿ ಹಾಕಿಕೊಂಡ. ಗತಿಯೆನ್‌ಗೆ ತಲೆಬಾಗಿ ವಂದಿಸಿದ, ಅವಳಿಗೆ ವಂದಿಸಲಿಲ್ಲ. ಅವನು ಹೊರಗೆ ನಡೆದಾಗ ಮೇಷ್ಟ್ರು ದಂಪತಿ, ಅಕ್ಕತಂಗಿಯರು ಒಬ್ಬರ ಹಿಂದೆ ಒಬ್ಬರು ಹೊರಟರು.

"ಬಿರಡೆ ಎಳೆದಾಗಲೇ," ಎಂದ ಗತಿಯೆನ್ ತನ್ನಷ್ಟಕ್ಕೆ. ಮೇಜು ಹಿಡಿದುಕೊಂಡು ಕೂತ. "ಎರಡು ಮಾರು ದೂರದಿಂದ. ಮೂಗು ಚೆನ್ನಾಗಿದ್ದ ಕಾಲದಲ್ಲೂ ನನಗೆ ಲೋಟ ಬೇಕಾಗ್ತಿತ್ತು ಕಣೇ." ಅವನ ಮುಖದಲ್ಲಿ ಹೆಮ್ಮೆಯಿತ್ತು. ಬೇರೇನಲ್ಲ, ಹೆಮ್ಮೆಯೇ. ಮಗಳನ್ನು ಅವನು ಬಾಯ್ತುಂಬ ಹೊಗಳಿದ್ದು ಅವತ್ತೇ ಮೊದಲು, ಅವತ್ತೇ ಕೊನೆ.

ಆಮೇಲೆ ಅವನು ಮೊಮ್ಮಗನಿಗೆ ಹೇಳಿದ: "ತಿಬೋ, ಇವಳನ್ನ ಹೊರಗೆ ಬಿಟ್ಟು ಬಾಗಿಲು ಹಾಕ್ಕೊ. ಇನ್ಮೇಲೆ ಗಿರಾಕಿ ಜೊತೆ ಬಂದ್ರೂ ತೆಗೀಬೇಡ."

ತಿಬೋಗೆ ಅವಳನ್ನು ಮುಟ್ಟಲು ಧೈರ್ಯ ಬರಲಿಲ್ಲ. ಎದ್ವಿಜ್ ತಾನೇ ನಡೆದಳು. ಹಿಂದೆ ಅಗುಳಿ ಬಿದ್ದ ಸದ್ದು ಕೇಳಿತು. ವ್ಯಾನಿನೊಳಗೆ ಐವರೂ ಆಗಲೇ ಕೂತು, ಕಿಟಕಿಯಾಚೆ ನೋಡುತ್ತಿದ್ದರು. ಅವಳ ಪಕ್ಕದ ಸೀಟಿನಲ್ಲಿ ಬೆಳಿಗ್ಗೆಯಿಂದ ಕೂತಿದ್ದ, ಅಕ್ಕತಂಗಿಯರಲ್ಲಿ ದೊಡ್ಡವಳು ಈಗ ಹಿಂದಿನ ಸಾಲಿಗೆ ಹೋಗಿದ್ದಳು. ಎದ್ವಿಜ್ ಕನ್ನಡಿ ಸರಿಮಾಡಿ, ಎಲ್ಲರೂ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳಿ, ಗಾಡಿ ಶುರು ಮಾಡಿದಳು.